ಮರಿ ಮಣ್ಣು ತಿನ್ತದೆ ಡಾಕ್ಟ್ರಮ್ಮ

ನಾನು ನಿವೃತ್ತಳಾದರೂ ನನ್ನ ಫೋನಿಗೆ ಯಾರೂ ಬೀಳ್ಕೊಡುಗೆ ಮಾಡಿಲ್ಲ. ಬೆಳಿಗ್ಗೆ ಕಾಫಿಗೆ ಹಾಲಿಡುವಷ್ಟರಲ್ಲಿ ಒಂದು ಫೋಟೋ ಬಂದು ಕೂತಿರುತ್ತದೆ. ನಾಯಿಮರಿಯ ಮುಖ, ಮೂತಿಯ ತುಂಬ ಸಗಣಿ. ಕೆಳಗೆ ಬರಹ: ಮೇಡಂ, ಮತ್ತೆ ತಿಂದಿದೆ, ಏನು ಮಾಡಲಿ? ಕಳಿಸಿದವರು ಯಾರೆಂದು ನನಗೆ ಗೊತ್ತಿರುವುದಿಲ್ಲ. ಯಾರೋ ಯಾರಿಗೋ ನನ್ನ ನಂಬರು ಕೊಟ್ಟಿರುತ್ತಾರೆ. ಬೈದುಕೊಳ್ಳುತ್ತಲೇ ಉತ್ತರ ಬರೆಯುತ್ತೇನೆ. ಅಷ್ಟರಲ್ಲಿ ಹಾಲು ಉಕ್ಕುತ್ತದೆ, ಒಲೆ ಒರೆಸುತ್ತೇನೆ.

ಕೋಲಾರದ ಸುತ್ತಮುತ್ತ ಹಸು, ಎಮ್ಮೆ, ಕುರಿ, ನಾಯಿ ಎಂದು ಇಡೀ ಆಯುಷ್ಯವನ್ನೇ ಕಳೆದವಳು ನಾನು. ಹಳ್ಳಿಗಳಲ್ಲಿ ನನಗೆ ‘ದನದ ಡಾಕ್ಟ್ರಮ್ಮ’ ಎಂದೇ ಹೆಸರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದುಕೊಡಿ ಎಂದಳು. ಬರೆಯಲು ಕೂತರೆ ನೆನಪಿಗೆ ಬರುವುದು ನಾನು ಉಳಿಸಿದ ಹಸುಗಳಲ್ಲ. ತರಕಾರಿ ಚೀಲದಲ್ಲಿ ನಾಯಿಮರಿಯನ್ನು ಇಟ್ಟುಕೊಂಡು ಬಂದ ಒಬ್ಬಳು ಬಸುರಿ. ಆ ಮರಿಗೆ ಏನೂ ಆಗಿರಲಿಲ್ಲ. ಅವಳೂ ಅವಳ ಹೊಟ್ಟೆಯೊಳಗಿನದೂ ಉಳಿಯುತ್ತವೋ ಇಲ್ಲವೋ ಎಂಬುದೇ ನನ್ನ ಭಯವಾಗಿತ್ತು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಮರಿಗಳು ತಿನ್ನುವ ವಿಷಯ ಸ್ವಲ್ಪ ಹೇಳಬೇಕು.

ನಾಯಿಮರಿ ಹೇಲು ತಿನ್ನುವುದು ರೋಗವಲ್ಲ. ತಾಯಿನಾಯಿ ಮರಿಗಳ ಕಕ್ಕಸನ್ನು ನೆಕ್ಕಿಯೇ ಗೂಡನ್ನು ಚೊಕ್ಕವಾಗಿಡುತ್ತದೆ. ಮರಿ ಅದನ್ನು ನೋಡುತ್ತಲೇ ಕಣ್ಣು ಬಿಡುತ್ತದೆ. ಅದಕ್ಕೆ ಕೈಯಿಲ್ಲ, ಆದ್ದರಿಂದ ಲೋಕವನ್ನೆಲ್ಲ ಬಾಯಲ್ಲೇ ಮುಟ್ಟಿ ನೋಡುತ್ತದೆ. ಸಗಣಿ, ಕೋಳಿ ಹಿಕ್ಕೆ, ರೇಷ್ಮೆ ಹುಳುವಿನ ಹಿಕ್ಕೆ, ಹಸು ಕರು ಹಾಕಿದ ಮೇಲೆ ಬೀಳುವ ಮಾಸು, ಹರಿದ ಚಪ್ಪಲಿ, ಎಲ್ಲವೂ ಅದಕ್ಕೆ ಒಂದೇ. ಬಹಳಷ್ಟು ಮರಿಗಳು ಬೆಳೆಯುತ್ತಾ ತಾವೇ ಬಿಡುತ್ತವೆ. ನಾವು ಮಾಡಬೇಕಾದದ್ದು ಇಷ್ಟೇ: ಜಂತುಹುಳದ ಔಷಧಿಯನ್ನು ವೇಳೆಗೆ ಸರಿಯಾಗಿ ಹಾಕುವುದು, ಹೊಟ್ಟೆ ತುಂಬ ಊಟ ಹಾಕುವುದು, ಅದು ಹೇತ ತಕ್ಷಣ ಹೇಲನ್ನು ಎತ್ತಿ ಬಿಸಾಕುವುದು. ಹಸುವಿಗೆ ಉಣ್ಣೆಹುಳದ ಇಂಜೆಕ್ಷನ್ ಕೊಟ್ಟಿದ್ದರೆ ಔಷಧಿ ಸಗಣಿಯಲ್ಲೂ ಇಳಿಯುತ್ತದೆ, ಅದರ ಹತ್ತಿರ ಮಾತ್ರ ಮರಿಯನ್ನು ಬಿಡಬಾರದು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರೆಲ್ಲ ತಲೆಯಾಡಿಸಿ, ಮನೆಗೆ ಹೋಗಿ ಮರಿಗೆ ಕೋಲಲ್ಲಿ ಬಾರಿಸುತ್ತಾರೆ.

ಮಾಲೂರಿನ ಹೊಸ ಬಡಾವಣೆಯೊಂದರಲ್ಲಿ ಹಾಗೇ ಆಯಿತು. ಫ್ಯಾಕ್ಟರಿಯಲ್ಲಿ ದೊಡ್ಡ ಕೆಲಸದಲ್ಲಿದ್ದವರು ದುಬಾರಿ ತಳಿಯ ಮರಿ ತಂದಿದ್ದರು. ಅದು ತನ್ನದನ್ನೇ ತಿನ್ನುತ್ತದೆ ಎಂದು ಯಜಮಾನರು ಅದರ ಮೂಗಿಗೆ ಅದನ್ನೇ ಉಜ್ಜಿ ಹೊಡೆದರು. ಆಮೇಲೆ ಮರಿ ಇನ್ನೂ ಬೇಗ ಬೇಗ ತಿನ್ನತೊಡಗಿತು. ಯಾಕೆ ಹೀಗೆ ಎಂದು ನನ್ನನ್ನೇ ದಬಾಯಿಸಿದರು. ನೆಲದ ಮೇಲೆ ಅದು ಕಂಡರೆ ಏಟು ಬೀಳುತ್ತದೆ ಎಂದು ಮರಿಗೆ ಗೊತ್ತಾಗಿದೆ ಸಾರ್, ನೀವು ಬರುವುದರೊಳಗೆ ಇಲ್ಲದ ಹಾಗೆ ಮಾಡುತ್ತಿದೆ ಎಂದೆ. ಅವರಿಗೆ ಸಿಟ್ಟು ಬಂತು. ಮುಂದಿನ ವಾರ ಬೇರೆ ಡಾಕ್ಟರ ಹತ್ತಿರ ಹೋದರು, ಅವರೂ ಇದನ್ನೇ ಹೇಳಿದರಂತೆ.

ಮಾವಿನ ಕಾಲದಲ್ಲಿ ಯಲ್ದೂರಿನ ಕಡೆ ಹೋದರೆ ಬೇರೆ ಗೋಳು. ತೋಪಿನಲ್ಲಿ ಬಿದ್ದ ಹಣ್ಣನ್ನು ಮರಿಗಳು ಚೀಪಿ, ಓಟೆಯನ್ನೂ ನುಂಗಿಬಿಡುತ್ತವೆ. ಕರುಳಿನಲ್ಲಿ ಓಟೆ ಸಿಕ್ಕಿಕೊಂಡ ಮರಿ ನೀರನ್ನೂ ಕಕ್ಕುತ್ತದೆ. ಒಂದು ಮರಿಗೆ ತೋಪಿನ ಶೆಡ್ಡಿನಲ್ಲೇ, ಮಾವು ತುಂಬುವ ಕ್ರೇಟುಗಳನ್ನು ಜೋಡಿಸಿ ಮೇಜು ಮಾಡಿ ಹೊಟ್ಟೆ ಕೊಯ್ದಿದ್ದೇನೆ. ಓಟೆ ತೆಗೆದು ತೋರಿಸಿದರೆ ತೋಪಿನವರು ಅದನ್ನು ತಿರುಗಿಸಿ ನೋಡಿ, ಇದು ನಮ್ಮ ಗಿಡದ್ದಲ್ಲ, ಪಕ್ಕದವರದು ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮರಿ ಬದುಕಿತು.

ಮುಳಬಾಗಿಲಿನ ಹತ್ತಿರದ ಒಂದು ಹಳ್ಳಿಯದು ಮಾತ್ರ ಈಗಲೂ ಕೊರೆಯುತ್ತದೆ. ಮರಿಯ ಬಾಯಲ್ಲಿ ನೊರೆ, ಮೈಯೆಲ್ಲ ನಡುಕ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಬೆಳೆಗೆ ಹೊಡೆಯುವ ವಿಷವಿರಬಹುದು ಎಂದು ನನಗೆ ಗುಮಾನಿ. ಏನು ತಿಂದಿತು ಎಂದು ಕೇಳಿದೆ. ಏನೂ ಇಲ್ಲ ಎಂದರು. ವಾಸನೆಯೂ ಸಿಗಲಿಲ್ಲ. ಇನ್ನೊಂದು ಸಲ ಕೇಳಿದೆ, ಏನೂ ಇಲ್ಲವೆಂದು ದೇವರ ಮೇಲೆ ಆಣೆ ಮಾಡಿದರು. ಗುಮಾನಿಯ ಮೇಲೆಯೇ ಸೂಜಿ ಹಾಕಿದೆ, ಆದರೆ ಹೊತ್ತು ಮೀರಿತ್ತು. ಮರಿ ಹೋದ ಮೇಲೆ ಆ ಮನೆಯ ಹೆಂಗಸು ನನ್ನನ್ನು ಬೈಕಿನವರೆಗೂ ಕಳಿಸಲು ಬಂದವಳು ಮೆಲ್ಲಗೆ ಹೇಳಿದಳು: ಕೋಳಿ ಹಿಡಿಯುವ ಮುಂಗುಸಿಗೆಂದು ಭಾವನ ಮನೆಯವರು ಅನ್ನದಲ್ಲಿ ವಿಷ ಕಲಸಿ ಇಟ್ಟಿದ್ದರು, ಎಲ್ಲರ ಎದುರಿಗೆ ಹೇಳಿದ್ದರೆ ಎರಡು ಮನೆಗೂ ಜಗಳವಾಗುತ್ತಿತ್ತು. ‘ಏನು ತಿಂದಿತು’ ಎನ್ನುವುದು ವೈದ್ಯರ ಪ್ರಶ್ನೆ ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಹಳ್ಳಿಯಲ್ಲಿ ಅದು ಮರ್ಯಾದೆಯ ಪ್ರಶ್ನೆ. ಅದಾದ ಮೇಲೆ ನಾನು ಸುತ್ತ ನಿಂತ ಜನವನ್ನು ಕಳಿಸಿ, ಮರಿಗೆ ಊಟ ಹಾಕುವ ಒಬ್ಬರನ್ನು ಮಾತ್ರ ಉಳಿಸಿಕೊಂಡು ಕೇಳತೊಡಗಿದೆ.

ಇಲಾಖೆಯ ಮೇಲಿನವರಿಗೆ ಈ ನಾಯಿ ವೈದ್ಯ ಹಿಡಿಸುತ್ತಿರಲಿಲ್ಲ. ನಮ್ಮಲ್ಲಿ ಎಲ್ಲವೂ ಹಾಲಿನ ಮೇಲೆ ನಿಂತದ್ದು. ಒಬ್ಬ ಸಾಹೇಬರು ಬಂದಾಗಲೆಲ್ಲ, ‘ಏನಮ್ಮಾ, ಈ ನಾಯಿ ಎಷ್ಟು ಲೀಟರ್ ಕೊಡ್ತದೆ?’ ಎಂದು ಕೇಳಿ ತಾವೇ ನಗುತ್ತಿದ್ದರು. ಅವರ ಮೊಮ್ಮಗನ ಮರಿ ಒಂದು ದಿನ ಕಾಲುಚೀಲ ನುಂಗಿತು. ಫೋನಿನಲ್ಲಿ ಅವರ ದನಿಯೇ ಬದಲಾಗಿತ್ತು. ನಾನು ಬಸ್ಸು ಹಿಡಿದು ಹೋಗುವುದರೊಳಗೆ ಮರಿ ಅದನ್ನು ಸಾಹೇಬರ ಸೋಫಾದ ಮೇಲೆಯೇ ಕಕ್ಕಿತ್ತು. ಅವತ್ತಿನಿಂದ ಲೀಟರಿನ ಮಾತು ನಿಂತಿತು, ಅಷ್ಟೇ. ನಾಯಿಗಳ ಔಷಧಿಗೆ ಬೇಡಿಕೆ ಬರೆದರೆ ಮಾತ್ರ ಮೊದಲಿನ ಹಾಗೇ ಅದು ಎಲ್ಲೋ ಕಳೆದುಹೋಗುತ್ತಿತ್ತು.

ಕೈಯಲ್ಲಿ ಏನೂ ಇಲ್ಲದಿದ್ದಾಗ ನಮ್ಮ ಹೆಬ್ಬೆರಳೇ ನಮಗೆ ಲ್ಯಾಬು. ಕುರಿಯಾಗಲಿ ಕರುವಾಗಲಿ ಮರಿಯಾಗಲಿ, ಮೊದಲು ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಲ್ಲಿ ಕೆಳಗೆಳೆದು ಒಳಬಣ್ಣ ನೋಡಬೇಕು. ಕೆಂಪಗಿದ್ದರೆ ರಕ್ತವಿದೆ. ಬಿಳಿಚಿಕೊಂಡಿದ್ದರೆ ಅದನ್ನು ಯಾರೋ ಕುಡಿಯುತ್ತಿದ್ದಾರೆ ಎಂದರ್ಥ, ಜಂತುಹುಳವೋ ಉಣ್ಣೆಯೋ. ಈಗ ಎಲ್ಲಕ್ಕೂ ಯಂತ್ರ ಬಂದಿದೆ, ಬರಲಿ. ಆದರೂ ಈ ಹೆಬ್ಬೆರಳನ್ನು ಮರೆಯಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ಮೊದಲು ಹೇಳಿದೆನಲ್ಲ, ಆ ಬಸುರಿ, ಪವಿತ್ರ, ಅವಳ ವಿಷಯದಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ನನ್ನ ಕೊನೆಯ ವರ್ಷಗಳಲ್ಲಿ ನಾನು ವಕ್ಕಲೇರಿಯ ಕಡೆ ಇದ್ದೆ. ಅಲ್ಲಿಯ ಒಂದು ಹಳ್ಳಿಯ ಸೊಸೆ ಪವಿತ್ರ. ತವರು ಶ್ರೀನಿವಾಸಪುರದ ಕಡೆ. ಗಂಡನಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಮನೆಯಲ್ಲಿ ಎರಡು ಸೀಮೆಹಸು, ಒಂದಿಷ್ಟು ಹಿಪ್ಪುನೇರಳೆ ತೋಟ, ಎಲ್ಲವನ್ನೂ ನಡೆಸುತ್ತಿದ್ದವರು ಅತ್ತೆ ಮುನಿವೆಂಕಟಮ್ಮ. ಆಕೆಯ ಗಂಟಲು ಬೀದಿಯ ಆ ಕೊನೆಗೂ ಕೇಳುತ್ತಿತ್ತು, ಸಿಟ್ಟು ಬಂದರೆ ಮಾತು ತೆಲುಗಿಗೆ ತಿರುಗುತ್ತಿತ್ತು. ಆದರೆ ಬಂದವರನ್ನು ಊಟವಿಲ್ಲದೆ ಕಳಿಸುತ್ತಿರಲಿಲ್ಲ.

ಪವಿತ್ರ ಮೊದಲ ಸಲ ಬಂದಾಗ ಚೀಲದಿಂದ ಕೆಂಚು ಬಣ್ಣದ ಮರಿಯ ತಲೆ ಹೊರಗಿತ್ತು. ಅತ್ತೆ ಕಳಿಸಿದ್ದರು. ಮರಿ ಸಗಣಿ ತಿನ್ನುತ್ತದೆ, ಕೋಳಿ ಹಿಕ್ಕೆ ತಿನ್ನುತ್ತದೆ, ಅದು ಸಾಲದೆಂದು ಕೊಟ್ಟಿಗೆಯ ಮಣ್ಣಿನ ಗೋಡೆಯನ್ನೂ ಕೆರೆದು ತಿಂದು ಗುಳಿ ಮಾಡಿದೆ. ಬಿಡಿಸದಿದ್ದರೆ ಹೈವೇ ಡಾಬಾದ ಹತ್ತಿರ ಬಿಟ್ಟು ಬರುತ್ತೇನೆ ಎಂದು ಅತ್ತೆಯ ತೀರ್ಮಾನ. ರೆಪ್ಪೆ ಎಳೆದು ನೋಡಿದೆ, ಕೆಂಪಗಿತ್ತು. ಹೊಟ್ಟೆ ಮಾತ್ರ ಹುಳದಿಂದ ಗುಂಡಗಾಗಿತ್ತು. ಹುಳದ ಔಷಧಿಯನ್ನೂ ಮೈ ಹಿಡಿಯಲೆಂದು ಒಂದು ಸಿಹಿ ಟಾನಿಕ್ಕನ್ನೂ ಕೊಟ್ಟೆ.

ಅವಳು ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು ಕೇಳಿದಳು.

‘ಇದ್ರಿಂದ ಮಣ್ಣು ತಿನ್ನೋದು ನಿಲ್ತದಾ ಡಾಕ್ಟ್ರಮ್ಮ? ಹೊಟ್ಟೆ ತುಂಬಾನೇ ಹಾಕ್ತೀವಿ ಅದಕ್ಕೆ. ಆದ್ರೂ ಗೋಡೆ ನೆಂದು ವಾಸ್ನೆ ಬಂದ್ರೆ ತಡ್ಕೊಳ್ಳಕ್ಕಾಗಲ್ಲ.’

ನಿಲ್ಲುತ್ತದೆ ಹೋಗು ಎಂದೆ. ಹೊರಗೆ ಹಸುಗಳ ಸಾಲು ಕಾಯುತ್ತಿತ್ತು.

ಸ್ವಲ್ಪ ದಿನಕ್ಕೇ ಮತ್ತೆ ಬಂದಳು. ಅದೇ ಮರಿ, ಅದೇ ಚೀಲ, ಟಾನಿಕ್ಕಿನ ಬಾಟಲಿ ಖಾಲಿ. ಇನ್ನೊಂದು ಬೇಕು ಎಂದಳು. ಅಂಗೈಯಗಲದ ಮರಿಗೆ ಆ ಬಾಟಲಿ ಇಷ್ಟು ಬೇಗ ಮುಗಿಯುವ ಹಾಗಿರಲಿಲ್ಲ. ಹಸುವಿಗೇನಾದರೂ ಸುರಿದಿರೋ ಎಂದು ಗದರಿಸಲು ತಲೆಯೆತ್ತಿದೆ. ಅವಳು ಬಾಗಿಲ ಚೌಕಟ್ಟನ್ನು ಹಿಡಿದು ಏದುಸಿರು ಬಿಡುತ್ತಿದ್ದಳು. ನಮ್ಮ ಆಸ್ಪತ್ರೆಗೆ ಇರುವುದೇ ನಾಲ್ಕು ಮೆಟ್ಟಿಲು. ಹೊಟ್ಟೆ ಮುಂದಕ್ಕೆ ಬಂದಿತ್ತು, ಏಳು ತಿಂಗಳಿರಬಹುದು. ತುಟಿಯಲ್ಲಿ ಬಣ್ಣವಿರಲಿಲ್ಲ.

ಇದ್ದವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದಕ್ಕೆಳೆದು, ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಮರಿಯನ್ನು ಮೇಜಿನ ಮೇಲಿಟ್ಟು ರೆಪ್ಪೆ ಎಳೆದು ತೋರಿಸಿದೆ. ನೋಡು, ಇದಕ್ಕೆ ರಕ್ತ ಚೆನ್ನಾಗಿದೆ, ಟಾನಿಕ್ ಬೇಕಾಗಿಲ್ಲ ಎಂದೆ. ಆಮೇಲೆ ನನ್ನ ಕಣ್ಣಿನದನ್ನೇ ಎಳೆದು ತೋರಿಸಿದೆ. ವಯಸ್ಸಾಗಿದೆ, ಆದರೂ ಸ್ವಲ್ಪ ಕೆಂಪಿದೆ ಅಲ್ಲವಾ? ಈಗ ನಿನ್ನದು ತೋರಿಸು ಎಂದೆ. ಅವಳು ಅಲುಗಾಡಲಿಲ್ಲ. ನಾನೇ ಹೆಬ್ಬೆರಳಿಟ್ಟೆ. ತೊಳೆದ ಅಕ್ಕಿಯ ಬಣ್ಣವಿತ್ತು. ಅಷ್ಟು ಬಿಳಿಯ ರೆಪ್ಪೆಯ ಕುರಿಗಳನ್ನು ನಾನು ನೋಡಿದ್ದೆ, ಅವು ಬಹಳ ದಿನ ಇರುತ್ತಿರಲಿಲ್ಲ.

ಅವಳು ಮರಿಯ ಬೆನ್ನು ಸವರುತ್ತಾ ಹೇಳಿದಳು.

‘ಮರಿ ಮಣ್ಣು ತಿನ್ನಲ್ಲ ಡಾಕ್ಟ್ರಮ್ಮ. ನಾನು ತಿನ್ತೀನಿ.’

ಮೊದಲು ನನಗೆ ನೆನಪಾದದ್ದು ಹುಳದ ಔಷಧಿ. ಬಸುರಿಯ ಹೊಟ್ಟೆಗೆ ಅದೇನಾದರೂ ಹೋಗಿದ್ದರೆ? ಅದನ್ನೂ ಕುಡಿದೆಯಾ ಎಂದು ಅವಳ ರಟ್ಟೆ ಹಿಡಿದು ಕೇಳಿದೆ. ಇಲ್ಲ, ಅದು ಮರಿಗೇ ಹಾಕಿದೆ, ಸಿಹಿ ಬಾಟಲಿ ಮಾತ್ರ ಕುಡಿದೆ ಎಂದಳು. ಅವಳ ಕಣ್ಣನ್ನೇ ನೋಡಿದೆ, ನಿಜವೆನ್ನಿಸಿತು.

ಊರಿನ ಆಶಾ ಕಾರ್ಯಕರ್ತೆ ರಕ್ತದ ಮಾತ್ರೆ ತಂದುಕೊಡುತ್ತಿದ್ದಳಂತೆ. ನುಂಗಿದರೆ ಹೊಟ್ಟೆ ತೊಳೆಸುತ್ತದೆ ಎಂದು ಇವಳು ತಿಪ್ಪೆಗೆ ಎಸೆಯುತ್ತಿದ್ದಳು. ಆಮೇಲೆ ಮಣ್ಣಿನ ಚಪಲ ಹತ್ತಿತು. ಬಳಪ ತಿಂದಳು, ಒಲೆಯ ಬೂದಿ ತಿಂದಳು, ಕೊಟ್ಟಿಗೆಯ ಗೋಡೆಗೆ ಬಂದಳು. ರಕ್ತ ಕಡಿಮೆಯಾದ ಮೈ ಇಂಥದ್ದನ್ನು ಬೇಡುತ್ತದೆ, ಹಸು ಬಟ್ಟೆ ಅಗಿಯುವುದಿಲ್ಲವೇ, ಹಾಗೆ. ಇದರಲ್ಲಿ ನಾಚಿಕೆ ಯಾಕೆ, ಮನೆಯಲ್ಲಿ ಹೇಳಬಾರದಿತ್ತಾ ಎಂದೆ. ಅದಕ್ಕೆ ಅವಳು ಕೊಟ್ಟ ಉತ್ತರ ನಾನು ಎಣಿಸಿದ್ದಲ್ಲ.

‘ಅತ್ತೆ ಮುದ್ದೆ ಮೇಲೆ ಮುದ್ದೆ ಇಕ್ತಾರೆ. ನಾನು ಗೋಡೆ ತಿನ್ತೀನಿ ಅಂತ ಗೊತ್ತಾದ್ರೆ, ಮುನಿವೆಂಕಟಮ್ಮ ಸೊಸೆಗೆ ಅನ್ನ ಇಕ್ಕಲ್ಲ ಅಂತ ಊರೋರು ಆಡ್ಕೋತಾರೆ. ಅವ್ರ ಮುಖ ನೋಡಕ್ಕಾಗ್ತದಾ?’

ನಾನು ಮನುಷ್ಯರ ಡಾಕ್ಟರಲ್ಲ ತಾಯಿ, ಈಗಲೇ ಕೋಲಾರದ ದೊಡ್ಡಾಸ್ಪತ್ರೆಗೆ ಹೋಗು, ಹೀಗೇ ಹೆರಿಗೆಗೆ ಹೋದರೆ ಇಬ್ಬರೂ ಉಳಿಯುವುದಿಲ್ಲ ಎಂದು ಬಿಡಿಸಿಯೇ ಹೇಳಿದೆ. ಅವಳು ಅತ್ತಳು. ಯಾಕೆ ಹೋಗುತ್ತೀಯ ಎಂದು ಮನೆಯಲ್ಲಿ ಕೇಳಿದರೆ ಬಾಯಿ ಬರುವುದಿಲ್ಲ ಎಂದಳು. ನಾಳೆ ಹಸು ನೋಡುವ ನೆಪದಲ್ಲಿ ನಾನೇ ಬರುತ್ತೇನೆ ಎಂದೆ. ಅವಳು ಮರಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ನನಗೆ ಅವತ್ತು ಉಳಿದ ಕೆಲಸದಲ್ಲಿ ಮನಸ್ಸಿರಲಿಲ್ಲ. ಅಷ್ಟು ವರ್ಷದ ದಣಿವೆಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತ ಹಾಗಿತ್ತು.

ಮರುದಿನ ಬೆಳಿಗ್ಗೆ ಹೋದೆ. ಮುಂದೆ ಹೊಸ ಆರ್‌ಸಿಸಿ ಮನೆ, ಹಿಂದೆ ಹಳೆಯ ಮಣ್ಣಿನ ಮನೆಯೇ ಈಗ ಕೊಟ್ಟಿಗೆ. ಮುನಿವೆಂಕಟಮ್ಮ ನನ್ನನ್ನು ನೇರ ಗೋಡೆಯ ಹತ್ತಿರವೇ ಕರೆದುಕೊಂಡು ಹೋದರು. ಬೂಸಾ ಚೀಲಗಳ ಹಿಂದೆ, ಮೂಲೆಯಲ್ಲಿ, ಬೋಗುಣಿಯಷ್ಟು ಗುಳಿ. ಅಂಚಿನಲ್ಲಿ ಹೊಸದಾಗಿ ಕೆರೆದ ಕೆಂಪು ಮಣ್ಣು.

‘ನೋಡಿ ಡಾಕ್ಟ್ರಮ್ಮ, ಈ ಮುಂಡೇದು ಮಾಡಿರೋ ಕೆಲ್ಸ. ಛೀ, ಪೋ ಅವತಲಕಿ’ ಎಂದು ಕಾಲಿಗೆ ಸುತ್ತುತ್ತಿದ್ದ ಮರಿಯನ್ನು ಪಾದದಲ್ಲಿ ಸರಿಸಿದರು.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆಲ್ಲ ಆ ಗುಳಿ ನೋಡಿದ ಮೇಲೆ ಬೇಡವೆನ್ನಿಸಿತು. ಮರಿಯನ್ನು ಎತ್ತಿ ಗೋಡೆಗೆ ಒರಗಿಸಿ ಹಿಂಗಾಲ ಮೇಲೆ ನಿಲ್ಲಿಸಿದೆ. ಅದು ಎಷ್ಟು ಚಾಚಿದರೂ ಮುಂಗಾಲು ಗುಳಿಯ ಅರ್ಧದಷ್ಟು ಎತ್ತರಕ್ಕೂ ಬರಲಿಲ್ಲ. ಬೂಸಾ ಚೀಲದ ಮೇಲೆ ಕೂತ ಹೆಂಗಸಿನ ಕೈಗೆ ಸರಿಯಾಗಿ ಸಿಗುವ ಎತ್ತರ ಅದು. ಪವಿತ್ರ ಬಾಗಿಲಲ್ಲಿ ಹುಲ್ಲಿನ ಹೊರೆ ಹಿಡಿದು ನಿಂತಿದ್ದಳು. ಮುಖ ಇನ್ನೂ ಬಿಳಿಚಿಕೊಂಡಿತ್ತು.

ಮುನಿವೆಂಕಟಮ್ಮ ಮರಿಯನ್ನು ನೋಡಿದರು, ಸೊಸೆಯನ್ನು ನೋಡಿದರು. ಈಗ ಗಂಟಲು ಏರುತ್ತದೆ ಎಂದು ನಾನು ಕಾದೆ. ಏರಲಿಲ್ಲ. ಆಕೆ ಮೆಲ್ಲಗೆ ಬೂಸಾ ಚೀಲದ ಮೇಲೆ ಕುಳಿತರು. ಗೋಡೆಯ ಕಡೆ ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿದರು. ಬೆರಳು ಹೋಗಿ ಗುಳಿಯ ಎಡಗಡೆಯ ಹಳೆಯ, ನುಣ್ಣಗಾದ ಭಾಗದಲ್ಲಿ ನಿಂತಿತು. ಹುಡುಕಬೇಕಾಗಲೇ ಇಲ್ಲ.

‘ಈ ಕಡೇದು ನಂದು’ ಎಂದರು. ‘ನಮ್ಮತ್ತೆ ನಾಯೀನೇ ಕೆರೀತೈತೆ ಅಂತ ಅದಕ್ಕೆ ಬಡೀತಿದ್ಲು. ನಾನು ಮುದ್ದೆ ಕಟ್ಕಂಡು ಸುಮ್ಕೆ ನೋಡ್ತಿದ್ದೆ. ಮೊದಲ್ನೇ ಕೂಸು ಉಳೀಲಿಲ್ಲ ಡಾಕ್ಟ್ರಮ್ಮ. ಯಾಕಂತ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.’

ಹಸು ಒಂದು ಸಲ ಕೊರಳು ಕೊಡವಿತು. ಪವಿತ್ರ ಹೊರೆಯನ್ನು ಕೆಳಗಿಟ್ಟಳು. ನನಗೂ ಕಣ್ಣು ತುಂಬಿತು, ಮರಿಯ ಕಿವಿ ನೋಡುವವಳ ಹಾಗೆ ಬಗ್ಗಿದೆ.

ಅತ್ತೆ ಎದ್ದು ಸೆರಗು ಕೊಡವಿಕೊಂಡರು.

‘ಸೀರೆ ಬದಲಾಯಿಸ್ಕೊ ಹೋಗು. ಕೋಲಾರದ ಆಸ್ಪತ್ರೆಗೆ ಹೋಗಾನ, ಬಸ್ ಬರೋ ಹೊತ್ತಾಯ್ತು. ನಾನೂ ಬತ್ತೀನಿ.’

ಆಸ್ಪತ್ರೆಯಲ್ಲಿ ಅವಳನ್ನು ಸೇರಿಸಿಕೊಂಡು ರಕ್ತ ಹಾಕಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಬೈದರಂತೆ. ಬೈಗುಳವನ್ನೆಲ್ಲ ಮುನಿವೆಂಕಟಮ್ಮ ಮುಂದೆ ನಿಂತು ಕೇಳಿಸಿಕೊಂಡರಂತೆ, ಎದುರು ಮಾತಿಲ್ಲದೆ. ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. ಸಣ್ಣಗಿದ್ದರೂ ಜೋರಾಗಿ ಅಳುವ ಮಗು. ಮರಿಯನ್ನು ಡಾಬಾದ ಹತ್ತಿರ ಬಿಡುವ ಮಾತು ಮತ್ತೆ ಬರಲಿಲ್ಲ. ಅದು ಸಗಣಿಯನ್ನು ನಿಜವಾಗಿಯೂ ತಿನ್ನುತ್ತಿತ್ತು, ಆಮೇಲೆ ಬೆಳೆದು ತಾನೇ ಬಿಟ್ಟಿತು.

ಹೊಸ ಹುಡುಗಿಗೆ ನಾನು ಹೇಳುವುದೇನು? ಮರಿ ಏನು ತಿಂದಿತು ಎಂದು ಕೇಳು, ಕೇಳಲೇಬೇಕು. ಸುಳ್ಳು ಹೇಳುತ್ತಾರೆ, ಬೇಸರ ಮಾಡಿಕೊಳ್ಳಬೇಡ. ಮರಿಯನ್ನು ಮೇಜಿನ ಮೇಲಿಡುವಾಗ, ಇಟ್ಟ ಕೈ ಯಾರದು, ಆ ಉಗುರಿನ ಬಣ್ಣ ಏನು ಎಂದು ಒಮ್ಮೆ ನೋಡು. ಇದಕ್ಕೆ ಯಾರೂ ಸಂಬಳ ಜಾಸ್ತಿ ಕೊಡುವುದಿಲ್ಲ. ಸಂಜೆ ಮನೆಗೆ ಹೋದರೆ ಬೆನ್ನು ನೋಯುತ್ತದೆ, ಅಷ್ಟೇ.

ನಿವೃತ್ತಿಗೆ ಸ್ವಲ್ಪ ಮೊದಲು ಕಾಲುಬಾಯಿ ಜ್ವರದ ಲಸಿಕೆ ಹಾಕಲು ಆ ಹಳ್ಳಿಗೆ ಮತ್ತೆ ಹೋಗಿದ್ದೆ. ಗುಳಿಯನ್ನು ಸಿಮೆಂಟಿನಲ್ಲಿ ಮುಚ್ಚಿದ್ದರು. ನಡೆಯಲು ಕಲಿತಿದ್ದ ಮಗು ಕೊಟ್ಟಿಗೆಯ ಹೊಸ್ತಿಲಲ್ಲಿ ಕೆಂಚುನಾಯಿಗೆ ಒರಗಿ ಕೂತಿತ್ತು. ಬಾಯಿಯ ಸುತ್ತ ಮಣ್ಣು, ಮುಷ್ಟಿಯೊಳಗೆ ಇನ್ನಷ್ಟು. ಮುನಿವೆಂಕಟಮ್ಮ ನೋಡಿದವರು ಹಾಲಿನ ಚೊಂಬನ್ನು ಅಲ್ಲೇ ಇಟ್ಟು ಓಡಿ ಬಂದರು. ಹೊಡೆಯುತ್ತಾರೆ ಎಂದುಕೊಂಡೆ. ಮಗುವನ್ನೂ ಹೊಡೆಯಲಿಲ್ಲ, ನಾಯಿಯನ್ನೂ ಹೊಡೆಯಲಿಲ್ಲ. ಮುಷ್ಟಿ ಬಿಡಿಸಿ ಮಣ್ಣು ಕೊಡವಿದರು. ಆಮೇಲೆ ಮಗುವನ್ನು ಬೆಳಕಿಗೆ ತಿರುಗಿಸಿ, ಒರಟು ಹೆಬ್ಬೆರಳಿನಿಂದ ಅದರ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗೆ ನೋಡಿದರು. ಸೊಸೆ ತೋರಿಸಿಕೊಟ್ಟಿರಬೇಕು.

‘ಕೆಂಪಗೈತೆ ಡಾಕ್ಟ್ರಮ್ಮ’ ಎಂದರು. ನಾನು ಹಸುವಿಗೆ ಸೂಜಿ ಹಾಕಲು ಹೋದೆ.